ನಿಮಗಿದು ಗೊತ್ತೆ? ಚಿಕ್ಕಮಗಳೂರಿನ ಪಿನ್‌ಕೋಡ್ ಒಂದು ‘ಹರ್ಷದ ಸಂಖ್ಯೆ’!

ಚಿಕ್ಕಮಗಳೂರಿನ ಪಿನ್‌ಕೋಡ್ 577101. ಇದರ ಅಂಕಿಗಳನ್ನು ಕೂಡಿದರೆ (5+7+7+1+0+1) ಬರುವುದು 21. ಅದೇ 21ರಿಂದ 577101 ಶೇಷವಿಲ್ಲದೆ ಭಾಗವಾಗುತ್ತದೆ! ಭಾಗಲಬ್ಧ 27481, ಅದು ಅವಿಭಾಜ್ಯ ಸಂಖ್ಯೆ.

ತನ್ನ ಅಂಕಿಗಳ ಮೊತ್ತದಿಂದಲೇ ಹೀಗೆ ಭಾಗವಾಗುವ ಸಂಖ್ಯೆಗಳಿಗೆ ‘ಹರ್ಷದ ಸಂಖ್ಯೆ’ ಎಂದು ಹೆಸರಿಟ್ಟವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ, ಗಣಿತಜ್ಞ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986).

ಅದೇ ಜಿಲ್ಲೆಯ ಮೂಡಿಗೆರೆಯ 577132 (ಮೊತ್ತ 25), ಕಳಸದ 577124 (ಮೊತ್ತ 26) ಈ ಗುಂಪಿಗೆ ಸೇರುವುದಿಲ್ಲ. ಆದರೆ ಮೂರೂ ಊರುಗಳ ಪಿನ್‌ಕೋಡ್‌ಗಳ ಆರಂಭದಲ್ಲಿ ಸಮಾನವಾಗಿರುವ 577 ಕೂಡ ಅವಿಭಾಜ್ಯ ಸಂಖ್ಯೆಯೇ. ಇದೇ 577 ಇನ್ನೊಂದೆಡೆಯೂ ಕಾಣಿಸುತ್ತದೆ: ಪ್ರಾಚೀನ ಭಾರತದ ಗ್ರಂಥ ಬೌಧಾಯನ ಶುಲ್ಬಸೂತ್ರದ ಪ್ರಕಾರ 2ರ ವರ್ಗಮೂಲದ ಅಂದಾಜು ಬೆಲೆ 577/408. ಇದು ಐದು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿದೆ.

ನಿಮ್ಮೂರಿನ ಪಿನ್‌ಕೋಡ್ ಹರ್ಷದ ಸಂಖ್ಯೆಯೇ? ಮಕ್ಕಳೊಂದಿಗೆ ಕೂತು ಲೆಕ್ಕ ಹಾಕಿ ನೋಡಿ.