ಒಂದು ಜಲಾಶಯ, ಹಲವು ಕೆರೆಗಳು

ಚಿತ್ರದುರ್ಗ ಜಿಲ್ಲೆಯು ಮಳೆ ಕಡಿಮೆ ಬೀಳುವ ಸೀಮೆ. ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಊರುಗಳಲ್ಲಿ ನೀರಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು ಈ ತಾಲ್ಲೂಕಿನ ದೊಡ್ಡ ಆಸರೆ. ಆದರೆ 1933ರಲ್ಲಿ ಕೋಡಿ ಹರಿದ ಆ ಜಲಾಶಯವು ಮತ್ತೆ ಕೋಡಿ ಹರಿದುದು 2022ರಲ್ಲಿ. ನಡುವಣ ಬರಗಾಲಗಳಲ್ಲಿ ನೀರು ಇಳಿದಾಗ, ಅದೊಂದನ್ನೇ ನಂಬಿದವರೆಲ್ಲರೂ ಒಟ್ಟಿಗೆ ಸಂಕಟಕ್ಕೆ ಸಿಲುಕುತ್ತಿದ್ದರು. ನಮ್ಮ ಹಿರಿಯರು ಕಟ್ಟಿಸಿದ ಕೆರೆಗಳ ಸಾಲಿನ ರೀತಿಯೇ ಬೇರೆ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಒಂದೊಂದು ಕೆರೆಯನ್ನೂ ಆಯಾ ಊರಿನವರೇ ಕಾಯುತ್ತಾರೆ.

ಜನರ ಮಾತುಕತೆಯ ಲೋಕದಲ್ಲಿಯೂ ಇಂದು ಇಂತಹುದೇ ಪ್ರಶ್ನೆ ಎದ್ದಿದೆ. ಬೆಂಗಳೂರಿನ ಸಂಸ್ಥೆಯೊಂದು 2020ರಲ್ಲಿ ‘ಕೂ’ ಎಂಬ ಸಾಮಾಜಿಕ ಜಾಲವನ್ನು ಆರಂಭಿಸಿತು. ಅದು ಮೊದಲು ಕನ್ನಡದಲ್ಲಿ ಹೊರಬಂದು, ಬಳಿಕ ಇತರ ಭಾರತೀಯ ಭಾಷೆಗಳಿಗೆ ಹಬ್ಬಿತು. ಇಂಗ್ಲಿಷ್ ಅರಿಯದವರೂ ತಮ್ಮ ನುಡಿಯಲ್ಲಿಯೇ ನಾಲ್ಕು ಮಾತು ಬರೆದು, ಓದುಗರ ಬಳಗವನ್ನು ಕಟ್ಟಿಕೊಂಡರು. ಆದರೆ ವೆಚ್ಚವನ್ನು ಭರಿಸಲಾಗದೆ 2024ರ ಜುಲೈ ತಿಂಗಳಲ್ಲಿ ಆ ಜಾಲವು ಮುಚ್ಚಿತು. ಬರೆದವರ ತಪ್ಪೇನೂ ಇರಲಿಲ್ಲ. ಆದರೂ ತಮ್ಮ ಬಳಗವನ್ನು ಬೇರೊಂದು ಜಾಲಕ್ಕೆ ಕರೆದೊಯ್ಯುವ ದಾರಿ ಅವರಿಗಿರಲಿಲ್ಲ. ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿದ್ದುದೇ ಇದಕ್ಕೆ ಕಾರಣ.

ಹಾಗಾದರೆ ಮಾತಿಗೂ ಕೆರೆಗಳ ಸಾಲನ್ನು ಕಟ್ಟಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ಇ-ಮೇಲ್ ಸಾಕ್ಷಿಯಾಗಿದೆ. ನಿಮ್ಮ ವಿಳಾಸ ಒಂದು ಸಂಸ್ಥೆಯಲ್ಲಿದ್ದು, ಗೆಳೆಯನ ವಿಳಾಸ ಇನ್ನೊಂದರಲ್ಲಿದ್ದರೂ ಪತ್ರ ತಲಪುತ್ತದೆ. ಏಕೆಂದರೆ ಎಲ್ಲ ಸಂಸ್ಥೆಗಳ ಗಣಕಯಂತ್ರಗಳೂ ಒಂದೇ ನಿಯಮಾವಳಿಯನ್ನು ಪಾಲಿಸುತ್ತವೆ. ಇಂತಹ ನಿಯಮಾವಳಿಗೆ ಪ್ರೋಟೋಕಾಲ್ ಎಂದು ಹೆಸರು. ಸಾಮಾಜಿಕ ಜಾಲಗಳನ್ನು ಹೀಗೆ ವಿಕೇಂದ್ರೀಕರಿಸಲು ಹೊರಟ ಮೂರು ಪ್ರೋಟೋಕಾಲ್‌ಗಳ ಗುಣದೋಷಗಳನ್ನು ಈಗ ನೋಡೋಣ.

ಮೊದಲನೆಯದು ಆಕ್ಟಿವಿಟಿಪಬ್. ವಿಶ್ವವ್ಯಾಪಿ ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2018ರಲ್ಲಿ ಇದನ್ನು ಅಂಗೀಕರಿಸಿತು. ಜರ್ಮನಿಯಲ್ಲಿ 2016ರಲ್ಲಿ ಹುಟ್ಟಿದ ಮಾಸ್ಟೊಡಾನ್ ಇದನ್ನೇ ಬಳಸುತ್ತದೆ. ಹಿರಿಯ ವಕೀಲ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರ್ 2019ರಲ್ಲಿ ತಡೆಹಿಡಿದಾಗ, ಭಾರತದ ಅನೇಕರು ಇತ್ತ ಬಂದರು. ಇಲ್ಲಿ ಒಂದು ಶಾಲೆ ಅಥವಾ ಸಂಘವೂ ತನ್ನದೇ ಸರ್ವರನ್ನು ನಡೆಸಬಹುದು. ನೀರಗಂಟಿಯು ಕೆರೆಯ ತೂಬನ್ನು ನೋಡಿಕೊಳ್ಳುವಂತೆ, ಅದರ ನಿರ್ವಾಹಕನು ನಿಂದೆ, ಕಿರುಕುಳಗಳನ್ನು ತಡೆಯಬಲ್ಲನು. ಆದರೆ ಸದಸ್ಯನ ವಿಳಾಸವು ಆ ಸರ್ವರಿಗೆ ಅಂಟಿಕೊಂಡಿರುತ್ತದೆ. ಮಾಸ್ಟೊಡಾನಿನಲ್ಲಿ ಬೇರೆಡೆಗೆ ಹೋಗುವಾಗ ಅನುಯಾಯಿಗಳನ್ನು ಕರೆದೊಯ್ಯಬಹುದಾದರೂ ಹಳೆಯ ಬರಹಗಳು ಅಲ್ಲಿಯೇ ಉಳಿಯುತ್ತವೆ. ಸರ್ವರು ಹಠಾತ್ತನೆ ನಿಂತರೆ ಅನುಯಾಯಿಗಳೂ ಕೈತಪ್ಪುತ್ತಾರೆ.

ಎರಡನೆಯದು ಎಟಿ ಪ್ರೋಟೋಕಾಲ್. ಟ್ವಿಟರ್ ಸಂಸ್ಥೆಯು 2019ರಲ್ಲಿ ಘೋಷಿಸಿದ ಯೋಜನೆಯೊಂದರಿಂದ ಬೆಳೆದ ಬ್ಲೂಸ್ಕೈ ಇದನ್ನು ಬಳಸುತ್ತದೆ. ಇದರಲ್ಲಿ ವ್ಯಕ್ತಿಯ ಗುರುತು ಸರ್ವರಿನಿಂದ ಬೇರೆಯಾಗಿರುತ್ತದೆ. ಆದ್ದರಿಂದ ಸದಸ್ಯನು ಮನೆ ಬದಲಿಸುವವನಂತೆ ಹೆಸರು, ಬರಹ, ಬಳಗಗಳೊಡನೆ ಬೇರೊಂದು ಸರ್ವರಿಗೆ ಹೋಗಬಹುದು. ಬರಹಗಳ ಪ್ರತಿಯನ್ನೂ ಗುರುತಿನ ಕೀಲಿಯನ್ನೂ ಮೊದಲೇ ಕಾಪಿಟ್ಟುಕೊಂಡಿದ್ದರೆ, ಹಳೆಯ ಸರ್ವರು ನಿಂತರೂ ನಷ್ಟವಿಲ್ಲ. ಆದರೆ ಸಾವಿರಾರು ಕಡೆಯ ಬರಹಗಳನ್ನು ಒಂದೆಡೆ ಕೂಡಿಸಿ, ವಿಂಗಡಿಸಿ, ಓದುಗನ ಮುಂದಿಡುವ ಕೆಲಸಕ್ಕೆ ಬಲವಾದ ಯಂತ್ರಗಳೂ ಹೆಚ್ಚಿನ ಹಣವೂ ಬೇಕು. ಅದನ್ನು ಯಾರು ಬೇಕಾದರೂ ಮಾಡಬಹುದೆಂದು ನಿಯಮವಿದ್ದರೂ, ಆಚರಣೆಯಲ್ಲಿ ಬಹುಪಾಲು ಭಾರ ಬ್ಲೂಸ್ಕೈ ಸಂಸ್ಥೆಯ ಮೇಲೆಯೇ ಬಿದ್ದಿದೆ. ಕೆರೆಗಳು ಹಲವಿದ್ದರೂ ಕಾಲುವೆ ಒಂದೇ ಆದಂತೆ ಇದು.

ಮೂರನೆಯದು 2020ರಲ್ಲಿ ಹೊರಬಂದ ನಾಸ್ಟರ್. ಇದರಲ್ಲಿ ಯಾವ ಸಂಸ್ಥೆಯೂ ಖಾತೆಯನ್ನು ಕೊಡುವುದಿಲ್ಲ. ಪ್ರತಿಯೊಬ್ಬನಿಗೂ ಒಂದು ಗುಪ್ತ ಕೀಲಿ, ಒಂದು ಬಹಿರಂಗ ಕೀಲಿ ಇರುತ್ತವೆ. ಗುಪ್ತ ಕೀಲಿಯಿಂದ ಸಹಿ ಮಾಡಿದ ಬರಹವನ್ನು ‘ರಿಲೇ’ ಎಂಬ ಹಲವು ಸರ್ವರುಗಳಿಗೆ ಕಳುಹಿಸಲಾಗುತ್ತದೆ. ಒಂದು ರಿಲೇ ನಿರಾಕರಿಸಿದರೂ ಇನ್ನೊಂದರ ಮೂಲಕ ಮಾತು ಹೊರಡುತ್ತದೆ. ಇದು ಸ್ವಾತಂತ್ರ್ಯದ ಪರಾಕಾಷ್ಠೆ. ಆದರೆ ಗುಪ್ತ ಕೀಲಿ ಕಳೆದುಹೋದರೆ ಅದನ್ನು ಮರಳಿ ಕೊಡುವವರಿಲ್ಲ. ಕಳ್ಳನ ಪಾಲಾದರೆ ಅವನು ನಮ್ಮ ಹೆಸರಿನಲ್ಲಿ ಮಾತನಾಡಬಲ್ಲನು. ಬರಹವನ್ನು ಸದಾ ಉಳಿಸಿಕೊಳ್ಳುವ ಹೊಣೆ ಯಾವ ರಿಲೇಗೂ ಇಲ್ಲ. ಕಿಡಿಗೇಡಿಗಳನ್ನು ಎಲ್ಲೆಡೆಯೂ ತಡೆಯುವುದು ಕಷ್ಟ.

ಈ ಮೂರರಲ್ಲಿ ಯಾವುದು ಶ್ರೇಷ್ಠ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಆಕ್ಟಿವಿಟಿಪಬ್‌ನಲ್ಲಿ ನಾವು ನಿರ್ವಾಹಕನನ್ನು ನಂಬಬೇಕು. ಎಟಿ ಪ್ರೋಟೋಕಾಲ್‌ನಲ್ಲಿ ಬರಹಗಳನ್ನು ಕೂಡಿಸುವ ದೊಡ್ಡ ಸಂಸ್ಥೆಯನ್ನು ನಂಬಬೇಕು. ನಾಸ್ಟರ್‌ನಲ್ಲಿ ನಮ್ಮ ಎಚ್ಚರವನ್ನೇ ನಂಬಬೇಕು. ಹೊಣೆಯು ಎಲ್ಲಿಯೂ ಮಾಯವಾಗುವುದಿಲ್ಲ; ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗವಾಗುತ್ತದೆ, ಅಷ್ಟೆ. ಆದ್ದರಿಂದ ಯಾವುದೇ ಜಾಲವನ್ನು ಸೇರುವ ಮೊದಲು, “ಇದು ನಾಳೆ ಮುಚ್ಚಿದರೆ ನನ್ನ ಮಾತೂ ನನ್ನ ಬಳಗವೂ ಎಲ್ಲಿ ಉಳಿಯುತ್ತವೆ?” ಎಂದು ಕೇಳಿಕೊಳ್ಳುವುದು ಜಾಣತನ.

ಕೆರೆಯನ್ನು ಕಟ್ಟಿಸಿದರೆ ಸಾಲದು. ವರ್ಷವರ್ಷವೂ ಹೂಳು ತೆಗೆದು, ಏರಿಯನ್ನು ಭದ್ರಪಡಿಸಿದರೆ ಮಾತ್ರ ಅದರಲ್ಲಿ ನೀರು ನಿಲ್ಲುತ್ತದೆ. ಹಂಚಿಕೊಂಡ ಅಧಿಕಾರವು ಹಂಚಿಕೊಂಡ ದುಡಿಮೆಯನ್ನೂ ಬಯಸುತ್ತದೆ.