ನಿಮಗಿದು ಗೊತ್ತೆ? ಹಲ್ಲು ಕಟ್ಟುತ್ತಿದ್ದವರ ಭಯದ ಚಿತ್ರಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಗೋಳಗುಮ್ಮಟ ಹತ್ತದೇ ಇರುವುದುಂಟೆ? ಮಿನಾರಿನೊಳಗೆ ಸುತ್ತುತ್ತ ಏರುವ ಆ ಇಕ್ಕಟ್ಟು ಮೆಟ್ಟಿಲುಗಳಲ್ಲಿ ತಲೆ ತಿರುಗಿದವರಿಗೆ ‘ಉಝುಮಾಕಿ’ ಬೇಗ ಹಿಡಿಸೀತು. ಸುರುಳಿಯ ಆಕಾರವೇ ಇಡೀ ಊರಿಗೆ ಹುಚ್ಚು ಹಿಡಿಸುವ ಕಥೆಯದು. 1998ರಲ್ಲಿ ಈ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಶುರು ಮಾಡಿದ ಜುಂಜಿ ಇಟೊ ಮೊದಲು ಕೃತಕ ಹಲ್ಲು ತಯಾರಿಸುವ ಕೆಲಸದಲ್ಲಿದ್ದವರು. ಬಾಯಿ, ದವಡೆಗಳನ್ನು ಅಷ್ಟು ಕರಾರುವಾಕ್ಕಾಗಿ ವಿಕಾರಗೊಳಿಸುವುದು ಸುಮ್ಮನೆ ಬಂದ ವಿದ್ಯೆಯಲ್ಲ! 2024ರಲ್ಲಿ ‘ಉಝುಮಾಕಿ’ಯ ಅನಿಮೆ, ಅಂದರೆ ಜಪಾನಿ ಅನಿಮೇಶನ್, ಬಂತು, ಕಪ್ಪು ಬಿಳುಪಿನಲ್ಲಿ. ನಾಲ್ಕು ಕಂತುಗಳಲ್ಲಿ ಮೊದಲನೆಯದು ಚೆಂದ, ಉಳಿದವು ಸಪ್ಪೆ, ಪುಸ್ತಕವೇ ವಾಸಿ.

ದೆವ್ವವಿಲ್ಲದೆ ಬೆವರಿಳಿಸುವುದು ನವೋಕಿ ಉರಾಸಾವಾರ ‘ಮಾನ್‌ಸ್ಟರ್’. ವೈದ್ಯನೊಬ್ಬ ಜೀವ ಉಳಿಸಿದ ಬಾಲಕನೇ ಮುಂದೆ ಕೊಲೆಗಾರನಾಗುತ್ತಾನೆ. ಅನಿಮೆ 74 ಕಂತು, ತಾಳ್ಮೆ ಬೇಕು. ಒಂದೇ ರಾತ್ರಿಗೆ ಮುಗಿಯಬೇಕೆಂದರೆ ಸಾತೋಶಿ ಕೋನ್ ನಿರ್ದೇಶನದ ‘ಪರ್ಫೆಕ್ಟ್ ಬ್ಲೂ’ (1997): ಹಾಡು ಬಿಟ್ಟು ನಟಿಯಾದವಳಿಗೆ ಯಾವುದು ಶೂಟಿಂಗ್, ಯಾವುದು ಬದುಕು ಎಂಬುದೇ ತಿಳಿಯದಾಗುತ್ತದೆ. ಕಾರ್ಟೂನ್ ಅಂತ ಮಕ್ಕಳ ಮುಂದೆ ಹಚ್ಚಬೇಡಿ. ಮಾಂಗಾ ಕೈಗೆ ಸಿಕ್ಕರೆ, ಉರ್ದು ಪುಸ್ತಕದಂತೆ ಬಲದಿಂದ ಎಡಕ್ಕೆ ಓದಿ.