ಮಾರ್ಮನ್ ಪಂಥದಲ್ಲಿ ಸ್ತ್ರೀಯರ ಸ್ಥಾನ

ಮನೆಯಲ್ಲಿ ಯಜಮಾನಿಗೆ ಎಷ್ಟು ಅಧಿಕಾರವಿದೆಯೆಂಬುದನ್ನು ತಿಳಿಯಬೇಕಾದರೆ ಆಕೆಯನ್ನು ಎಷ್ಟು ಮಂದಿ ಹೊಗಳುವರೆಂದು ನೋಡಿದರೆ ಸಾಲದು. ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆಯೆಂಬುದನ್ನೂ ನೋಡಬೇಕು. ಅಮೆರಿಕಾ ದೇಶದ ಮಾರ್ಮನ್ ಸ್ತ್ರೀಯರ ಚರಿತ್ರೆಯನ್ನು ಓದುವಾಗ ಈ ಮಾತು ಮೇಲಿಂದ ಮೇಲೆ ನೆನಪಿಗೆ ಬರುತ್ತದೆ. ಈ ಪಂಥವು ನಮಗೆ ತೀರ ದೂರದ್ದೇನೂ ಅಲ್ಲ; ಬೆಂಗಳೂರಿನಲ್ಲಿ ತನ್ನದೊಂದು ದೇವಾಲಯವನ್ನು ಕಟ್ಟಿಸುವುದಾಗಿ ಅದು 2018ರಲ್ಲಿ ಪ್ರಕಟಿಸಿತು.

ಜೋಸೆಫ್ ಸ್ಮಿತ್ ಎಂಬಾತನು ನ್ಯೂಯಾರ್ಕ್ ಸಂಸ್ಥಾನದಲ್ಲಿ ಈ ಸಭೆಯನ್ನು ಸ್ಥಾಪಿಸಿದುದು 1830ರಲ್ಲಿ. ಹನ್ನೆರಡು ವರುಷಗಳ ತರುವಾಯ, 1842ರ ಮಾರ್ಚಿಯಲ್ಲಿ, ಇಲಿನಾಯ್ ಸಂಸ್ಥಾನದ ನಾವೂ ಪಟ್ಟಣದಲ್ಲಿ ಸ್ತ್ರೀಯರದೇ ಆದ ‘ರಿಲೀಫ್ ಸೊಸೈಟಿ’ ಹುಟ್ಟಿತು. ಬಡಬಗ್ಗರಿಗೆ ನೆರವಾಗುವುದು ಅದರ ಉದ್ದೇಶ. ಸ್ಮಿತ್ತನ ಪತ್ನಿ ಎಮ್ಮಾ ಅದರ ಮೊದಲನೆಯ ಅಧ್ಯಕ್ಷೆ. 1844ರಲ್ಲಿ ಸ್ಮಿತ್ತನು ದೊಂಬಿಯವರ ಕೈಯಲ್ಲಿ ಹತನಾದನು. ಬ್ರಿಗಮ್ ಯಂಗ್ ಎಂಬಾತನ ಮುಂದಾಳುತನದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ನಡೆದು, 1847ರಲ್ಲಿ ಯೂಟಾ ಪ್ರಾಂತದ ಉಪ್ಪುಸರೋವರದ ಬಳಿ ನೆಲೆಸಿದರು.

ಒಬ್ಬ ಪುರುಷನು ಅನೇಕ ಸ್ತ್ರೀಯರನ್ನು ವಿವಾಹವಾಗುವ ಪದ್ಧತಿಯನ್ನು ಈ ಸಭೆಯು 1852ರಲ್ಲಿ ಬಹಿರಂಗವಾಗಿ ಸಾರಿತು. ಅದನ್ನು ಕೇಳಿದ ಹೊರಗಿನವರು ಅಲ್ಲಿಯ ಸ್ತ್ರೀಯರೆಲ್ಲ ದಾಸಿಯರೆಂದೇ ಎಣಿಸಿದರು. ಆದರೆ ಅದೇ ಯೂಟಾದಲ್ಲಿ 1870ರಲ್ಲಿ ಸ್ತ್ರೀಯರಿಗೆ ಓಟಿನ ಹಕ್ಕು ದೊರೆಯಿತು. ಅಮೆರಿಕಾದ ರಾಜ್ಯಾಂಗವು ಆ ಹಕ್ಕನ್ನು ಒಪ್ಪಿಕೊಂಡುದು 1920ರಲ್ಲಿ! ಬಹುಪತ್ನೀತ್ವವನ್ನು ಅಡಗಿಸಲೆಂದು 1887ರಲ್ಲಿ ಮಾಡಿದ ಶಾಸನವು ಯೂಟಾದ ಸ್ತ್ರೀಯರ ಓಟನ್ನೂ ಕಿತ್ತುಕೊಂಡಿತು. 1890ರಲ್ಲಿ ಸಭೆಯು ಆ ವಿವಾಹಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. 1896ರಲ್ಲಿ ಯೂಟಾ ಸಂಸ್ಥಾನವಾದಾಗ ಓಟು ಮರಳಿ ಬಂದಿತು. ಅದೇ ವರುಷ ಮಾರ್ಥಾ ಹ್ಯೂಸ್ ಕ್ಯಾನನ್ ಎಂಬ ವೈದ್ಯೆ ಸಂಸ್ಥಾನದ ಸೆನೆಟ್ ಸಭೆಗೆ ಚುನಾಯಿತರಾದರು. ಅಮೆರಿಕಾದಲ್ಲಿ ಅಂತಹ ಸ್ಥಾನವನ್ನು ಪಡೆದ ಮೊದಲನೆಯ ಸ್ತ್ರೀ ಅವರೇ. ಅವರು ತಮ್ಮ ಪತಿಗೆ ನಾಲ್ಕನೆಯ ಪತ್ನಿ. ಅದೇ ಚುನಾವಣೆಯಲ್ಲಿ ನಿಂತಿದ್ದ ಪತಿ ಸೋತನು, ಪತ್ನಿ ಗೆದ್ದರು!

ಸ್ತ್ರೀಯರ ಕೈಯಲ್ಲಿದ್ದುದು ಓಟೊಂದೇ ಅಲ್ಲ. ‘ವುಮನ್ಸ್ ಎಕ್ಸ್‌ಪೊನೆಂಟ್’ ಎಂಬ ಅವರ ಪತ್ರಿಕೆಯು 1872ರಿಂದ 1914ರ ವರೆಗೆ ನಡೆಯಿತು. ಅದನ್ನು ಬಹುಕಾಲ ನಡೆಸಿದ ಎಮ್ಮಲೀನ್ ವೆಲ್ಸ್ ಅವರಿಗೆ 1876ರಲ್ಲಿ ಬ್ರಿಗಮ್ ಯಂಗನು ಇನ್ನೊಂದು ಹೊಣೆಯನ್ನೂ ವಹಿಸಿದನು: ಕ್ಷಾಮಕ್ಕಾಗಿ ಗೋಧಿಯನ್ನು ಕೂಡಿಡುವುದು. ಸ್ತ್ರೀಯರು ಕೊಯ್ಲಾದ ಹೊಲಗಳಲ್ಲಿ ಉಳಿದ ತೆನೆಗಳನ್ನು ಆಯ್ದರು, ಹಣ ಕೂಡಿಸಿದರು, ಕಣಜಗಳನ್ನು ಕಟ್ಟಿಸಿದರು. ಮೊದಲನೆಯ ಮಹಾಯುದ್ಧ ಕಾಲದಲ್ಲಿ, 1918ರಲ್ಲಿ, ಈ ಸಂಗ್ರಹದಿಂದ 2 ಲಕ್ಷ ಬುಷೆಲ್‌ಗೂ ಮಿಕ್ಕ ಗೋಧಿಯು ಅಮೆರಿಕಾ ಸರಕಾರಕ್ಕೆ ಮಾರಾಟವಾಯಿತು. ಒಂದು ಬುಷೆಲ್ ಗೋಧಿಯೆಂದರೆ ಸುಮಾರು 27 ಕಿಲೋಗ್ರಾಂ. ಹೆಂಗಸರು ತೆನೆತೆನೆಯಾಗಿ ಕೂಡಿಸಿದುದು ಎಷ್ಟಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಮುಂದಿನ ಕಾಲದಲ್ಲಿ ಈ ಸ್ವಾತಂತ್ರ್ಯವು ಒಂದೊಂದಾಗಿ ಕರಗಿತು. 1915ರಿಂದ ನಡೆದ ಸಂಘದ ಮಾಸಪತ್ರಿಕೆಯು 1970ರಲ್ಲಿ ನಿಂತಿತು. ಅದೇ ಸುಮಾರಿಗೆ ಸಂಘದ ಹಣಕಾಸು ಸಭೆಯ ಮುಖ್ಯಾಡಳಿತಕ್ಕೆ ಸೇರಿತು. 1978ರಲ್ಲಿ ಸಂಘದ ಗೋಧಿಯೂ ಗೋಧಿಯ ನಿಧಿಯೂ ಇಡೀ ಸಭೆಯ ಕ್ಷೇಮಕಾರ್ಯಕ್ಕೆ ಒಪ್ಪಿಸಲ್ಪಟ್ಟುವು. ಅತ್ತ ಮಾತೃತ್ವದ ಪ್ರಶಂಸೆಯಾದರೋ ಎತ್ತರದ ದನಿಯಲ್ಲೇ ಕೇಳಿಬರುತ್ತಿತ್ತು. ತಾಯಂದಿರು ಹೊರಗಿನ ಉದ್ಯೋಗವನ್ನು ಬಿಟ್ಟು ಮನೆಯಲ್ಲಿರಬೇಕೆಂದು ಸಭೆಯ ಅಧ್ಯಕ್ಷ ಎಜ್ರಾ ಟಾಫ್ಟ್ ಬೆನ್ಸನ್ 1987ರಲ್ಲಿ ಬೋಧಿಸಿದರು. ಕುಟುಂಬದಲ್ಲಿ ತಂದೆಯು ಮುಖ್ಯಸ್ಥನೆಂದೂ, ಮಕ್ಕಳ ಪೋಷಣೆಯು ಮುಖ್ಯವಾಗಿ ತಾಯಿಯ ಹೊಣೆಯೆಂದೂ, ಆದರೂ ಇಬ್ಬರೂ ಸಮಾನರಾದ ಸಹಭಾಗಿಗಳೆಂದೂ 1995ರ ಘೋಷಣೆಯು ಸಾರಿತು.

ಎದುರು ಮಾತಾಡಿದವರ ಗತಿ ಸುಲಭದ್ದಾಗಲಿಲ್ಲ. ಸ್ತ್ರೀಪುರುಷರ ಸಮಾನ ಹಕ್ಕುಗಳಿಗಾಗಿ ರಾಜ್ಯಾಂಗವನ್ನು ತಿದ್ದುವ ಸೂಚನೆಯನ್ನು ಸಭೆಯು ವಿರೋಧಿಸುತ್ತಿರಲು, ಅದರ ಪರವಾಗಿ ಹೋರಾಡಿದ ಸೋನಿಯಾ ಜಾನ್ಸನ್ 1979ರಲ್ಲಿ ಬಹಿಷ್ಕೃತರಾದರು. ಸ್ತ್ರೀಯರಿಗೂ ಯಾಜಕತ್ವ ಬೇಕೆಂದ ಕೇಟ್ ಕೆಲ್ಲಿ ಎಂಬವರಿಗೆ 2014ರಲ್ಲಿ ಅದೇ ಶಿಕ್ಷೆಯಾಯಿತು. ಸುಮಾರು ಹನ್ನೆರಡು ವಯಸ್ಸಿನ ಹುಡುಗನಿಗೆ ದೊರೆಯುವ ಯಾಜಕತ್ವವು ಅವನ ತಾಯಿಗೆ ಇಲ್ಲ.

ಆದರೂ ಒಂದೇ ಮಗ್ಗುಲನ್ನು ಕಂಡು ತೀರ್ಪು ಹೇಳುವುದು ನ್ಯಾಯವಲ್ಲ. ಪರಲೋಕದಲ್ಲಿ ತಂದೆಯಂತೆ ತಾಯಿಯೂ ಇರುವಳೆಂಬುದು ಈ ಪಂಥದ ನಂಬಿಕೆ. ಗೃಹಕೃತ್ಯವನ್ನೇ ಪವಿತ್ರವಾದ ವೃತ್ತಿಯೆಂದು ಮನಸಾರೆ ಒಪ್ಪಿ, ಸಂಘದ ಸೇವೆಯಲ್ಲಿ ಸುಖವನ್ನು ಕಾಣುವ ಸ್ತ್ರೀಯರು ಅಲ್ಲಿ ಅನೇಕರು. ಸಣ್ಣಪುಟ್ಟ ಬಾಗಿಲುಗಳೂ ತೆರೆದಿವೆ: 2013ರಲ್ಲಿ ಮೊದಲ ಬಾರಿಗೆ ಒಬ್ಬ ಸ್ತ್ರೀ ಸಭೆಯ ಮಹಾಸಮ್ಮೇಳನದಲ್ಲಿ ಪ್ರಾರ್ಥನೆಯನ್ನು ಸಲ್ಲಿಸಿದರು; 2019ರಿಂದ ಸ್ತ್ರೀಯರು ದೀಕ್ಷಾಸ್ನಾನಕ್ಕೆ ಸಾಕ್ಷಿಗಳಾಗಬಹುದಾಗಿದೆ.

ಇದನ್ನೋದಿ ಪರರ ಮತವನ್ನು ಹಳಿಯಲು ನಮಗೇನು ಅಧಿಕಾರ? ಸ್ತ್ರೀಯನ್ನು ದೇವಿಯೆಂದು ಕರೆಯುವ ಮನೆಗಳಲ್ಲಿಯೂ ಕಾಸಿನ ಲೆಕ್ಕವನ್ನು ಆಕೆಗೆ ತೋರಿಸದಿರುವುದುಂಟು. ತೆನೆ ಆಯ್ದ ಯೂಟಾದ ಗೃಹಿಣಿಯರು ಮನೆಯನ್ನೂ ಬಿಡಲಿಲ್ಲ, ಮಕ್ಕಳನ್ನೂ ಮರೆಯಲಿಲ್ಲ. ಕಣಜವನ್ನೂ ಕಾದರು, ಪತ್ರಿಕೆಯನ್ನೂ ನಡೆಸಿದರು. ಗೌರವವೂ ಅಧಿಕಾರವೂ ಒಂದೇ ಕೈಯಲ್ಲಿ ಇರಬಲ್ಲುವೆಂಬುದಕ್ಕೆ ಅವರ ಬಾಳೇ ಸಾಕ್ಷಿ.